ಅಕ್ಕಿಯ ಮೇಲೆ ನಾಲ್ಕು ಗೆರೆ

ಅಕ್ಷರದ ವಿಷಯದಲ್ಲಿ ನಾನು ಎಷ್ಟು ಗಂಭೀರವಾಗುತ್ತೇನೋ, ನಮ್ಮ ಮನೆಯಲ್ಲಿ ಅಷ್ಟು ನಗೆ ಏಳುತ್ತದೆ. ಇದು ಇವತ್ತು ನಿನ್ನೆಯದಲ್ಲ. ನಾನು ಪೆನ್ನು ಹಿಡಿದ ದಿನದಿಂದಲೂ ಹೀಗೇ.

೧. ಬಡಿಗೆಯೋ ಬಾಲವೋ

ಸಿಂಧನೂರಿನ ನಮ್ಮ ಮನೆಯಲ್ಲೀಗ ಒಂದು ಶಾಲೆ ನಡೆಯುತ್ತಿದೆ. ವಿದ್ಯಾರ್ಥಿನಿ ಮೊಮ್ಮಗಳು. ಟೀಚರು ಸೊಸೆ, ಮಸ್ಕಿಯವಳು, ಬಿ.ಎಡ್. ಮುಗಿಸಿದವಳು. ಕೂಸನ್ನು ಇಷ್ಟು ಬೇಗ ಶಾಲೆಯ ವ್ಯಾನಿಗೆ ತುಂಬಲು ಮನಸ್ಸಾಗದೆ ಫೋನಿಕ್ಸ್ ಪಾಠದ ಪೆಟ್ಟಿಗೆಯೊಂದನ್ನು ತರಿಸಿದ್ದಾಳೆ. ಅದರಲ್ಲಿ ಇಂಗ್ಲಿಷ್ ಅಕ್ಷರದ ಹೆಸರು ಆಮೇಲೆ. ಮೊದಲು ಅದರ ಸದ್ದು. ಅಲ್ಲಿಯವರೆಗೆ ನನ್ನ ತಕರಾರಿಲ್ಲ. ಆದರೆ ಬರವಣಿಗೆಯ ಪಾಠ ಪೆಟ್ಟಿಗೆಯಲ್ಲಿಲ್ಲ. ಬಿಡಿ ಅಕ್ಷರವೋ, ಕೂಡಿಸಿ ಬರೆಯುವ ಕರ್ಸಿವ್ ಅಕ್ಷರವೋ, ಒಂದನ್ನು ಆರಿಸಿಕೊಳ್ಳಿ, ನಡುವೆ ಬದಲಿಸಬೇಡಿ ಎಂದಷ್ಟೇ ಅದರ ಜೊತೆಗಿನ ಸೂಚನೆಯಲ್ಲಿತ್ತು.

"ಕರ್ಸಿವ್," ಎಂದೆ ನಾನು. ಅದರಲ್ಲಿ ಚರ್ಚೆಗೇನಿದೆ?

"ಬಿಡಿ ಅಕ್ಷರ ಇರ್ಲಿ ಮಾಮಾ. ಪುಸ್ತಕದಾಗ ಹೆಂಗ ಅದಾವೋ ಹಂಗ ಬರದ್ರ ಕೂಸಿಗೆ ಓದಾಕ ಹಗುರ ಆಕ್ಕೈತಿ."

"ಅವು ಅಕ್ಷರ ಏನವಾ? ಬಡಿಗಿ ನಿಲ್ಲಿಸಿದಂಗ ಅದಾವು."

"ನಿಮ್ಮವಕ್ಕ ಹಿಂದ ಒಂದು, ಮುಂದ ಒಂದು ಬಾಲ ಅದಾವಲ್ರಿ!"

ವಸಂತ ಪಂಚಮಿಗೆ ಅಕ್ಷರಾಭ್ಯಾಸ. ಅಂದು ಅಕ್ಕಿಯ ಮೇಲೆ ಕೂಸಿನ ಬೆರಳಿಂದ ಯಾವ ಶೈಲಿ ಮೂಡುತ್ತದೋ ಅದೇ ಖಾಯಂ ಎಂದು ತೀರ್ಮಾನವಾಯಿತು. ನನ್ನ ಹೆಂಡತಿ ಒಗ್ಗರಣೆ ಹಾಕುತ್ತಲೇ, "ಮೊದಲು ಅದಕ್ಕ ಪೆನ್ಸಿಲ್ ಹಿಡಿಯಾಕ ಬರ್ಲಿ, ಆಮ್ಯಾಲ ಬಾಲ ಹಚ್ಚೂಣಂತ" ಎಂದಳು.

೨. ಅಪ್ಪನ ಸಹಿ

ನನ್ನ ಹಟಕ್ಕೆ ಕಾರಣವಿದೆ. ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಕೆಲಸದವರು. ಹೊಟ್ಟೆ ಕಟ್ಟಿ ನನ್ನನ್ನು ಲಿಂಗಸುಗೂರಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದರು. ಅಲ್ಲಿ ನಮಗೊಬ್ಬ ಮಿಸ್ಸು. ಅಕ್ಷರ ನಾಲ್ಕು ಗೆರೆಯೊಳಗೇ ಇರಬೇಕು; ತೆನೆ ತುಂಬಿದ ಭತ್ತದ ಹಾಗೆ ಒಂದೇ ಕಡೆ, ಬಲಕ್ಕೆ ವಾಲಬೇಕು. ಗೆರೆ ದಾಟಿದರೆ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಕನ್ನಡಕದ ಮೇಲಿಂದ ನೋಡಿ ಒಂದೇ ಮಾತು: "ಎಗೇನ್."

ಒಮ್ಮೆ ಪ್ರೋಗ್ರೆಸ್ ಕಾರ್ಡಿಗೆ ಸಹಿ ಮಾಡಲು ಅಪ್ಪ ರಾತ್ರಿ ಪಾಳಿ ಮುಗಿಸಿ ನೇರ ಬಸ್ಸು ಹತ್ತಿ ಬಂದರು. ಗಣಿಯ ಆಳಕ್ಕೂ ಸಿಡಿಮದ್ದಿಗೂ ಹೆದರದ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಉಸಿರು ಬಿಗಿಹಿಡಿದು ಸಹಿ ಮಾಡಿದರು. ಮಿಸ್ಸು ಕಾರ್ಡು ತಿರುಗಿಸಿ ನೋಡಿದರು. ಸಹಿ ಗೆರೆ ದಾಟಿ ಕೆಳಗಿಳಿದಿತ್ತು.

"ಎಗೇನ್."

ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಕನ್ನಡಕದ ಮೇಲಿನ ಆ ನೋಟ ತಿಳಿಯಿತು. ಕೆಳಗೆ ಮತ್ತೊಂದು ಸಹಿ ಮಾಡಿ, ಕೈಕಟ್ಟಿ ನಿಂತರು. ಮಿಸ್ಸು ತಲೆಯಾಡಿಸಿದ ಮೇಲೆ ನನ್ನನ್ನು ಹೊರಗೆ ಕರೆದು ಪಿಸುಗುಟ್ಟಿದರು: "ಲೇ, ನಾ ಪಾಸಾದ್ನೇನ?"

೩. ಖಾಲಾ ಕಟ್ಟಿದ ತಾಯತ

ಪಕ್ಕದ ಮನೆಯ ಹಿರಿಯ ಹೆಂಗಸನ್ನು ಓಣಿಯವರೆಲ್ಲ ಖಾಲಾ ಎಂದೇ ಕರೆಯುವುದು. ನಮ್ಮ ಪಡಸಾಲೆಯಲ್ಲಿ ಕೂಸು ದಿನವೂ ಸದ್ದು ಬಿಡಿಸಿ ಓದುತ್ತಿತ್ತು. "ಕ್... ಆ್ಯ... ಟ್. ಕ್... ಆ್ಯ... ಟ್." ಖಾಲಾ ಕೆಲವು ದಿನ ಕೇಳಿದರು. ಕೊನೆಗೆ ತಾಳಲಾರದೆ ಬಂದೇಬಿಟ್ಟರು.

"ಯಾ ಅಲ್ಲಾ! ಬಚ್ಚಿಗೆ ತೊದಲು ಹತ್ತೈತಿ, ನೀವೆಲ್ಲಾ ಕುಂತು ನೋಡಾಕತ್ತೀರಲ್ಲ!"

ಅದು ಪಾಠ ಎಂದು ಸೊಸೆ ವಿವರಿಸಿದಳು. ತೊದಲು ಕಲಿಸುವ ಪಾಠವನ್ನು ಖಾಲಾ ಎಲ್ಲೂ ಕಂಡಿರಲಿಲ್ಲ. ಗುರುವಾರ ದರ್ಗಾಕ್ಕೆ ಹೋಗಿ ತಾಯತ ಊದಿಸಿಕೊಂಡು ಬಂದು ಕೂಸಿನ ತೋಳಿಗೆ ಕಟ್ಟಿದರು. ಅಂದೇ ಸಂಜೆ, ಸದ್ದುಗಳನ್ನು ಕೂಡಿಸುವ ಪಾಠ ಬಂದಿತ್ತೋ ಏನೋ, ಕೂಸು ಒಂದೇ ಉಸಿರಿಗೆ "ಕ್ಯಾಟ್!" ಎಂದಿತು.

"ದೇಖೋ! ಹೆಂಗ ಫಟ್ ಅಂತ ಅಂದ್ಲು!" ಖಾಲಾ ಕಣ್ಣೊರೆಸಿಕೊಂಡರು.

ಸೊಸೆ ತುಂಟಿ. "ಇನ್ನಾ ಡಾಗ್ ಉಳದೈತಿ ಖಾಲಾ," ಎಂದಳು.

"ಇರ್ಲಿ ತಗೋ ಬೇಟಿ. ಬರೂ ಗುರುವಾರ ಮತ್ತ ಹೋಗಿ ಬರ್ತೀನಿ."

೪. ಎದುರಿನ ಅಂಗಡಿ

ಕರ್ಸಿವ್ ಯಾರಿಗೂ ಓದಲು ಬರುವುದಿಲ್ಲ ಎಂಬ ಸೊಸೆಯ ವಾದವನ್ನು ಮುರಿಯಲೇಬೇಕಿತ್ತು. ಅಕ್ಷರಾಭ್ಯಾಸಕ್ಕೆ ಬೇಕಾದ ಅರಿಸಿನ, ಕುಂಕುಮ, ಊದಿನಕಡ್ಡಿಗಳನ್ನೆಲ್ಲ ಇಂಗ್ಲಿಷಿನಲ್ಲಿ, ಮಿಸ್ಸು ಮೆಚ್ಚುವಂತೆ ಬರೆದು ಮಗನ ಕೈಗೆ ಚೀಟಿ ಕೊಟ್ಟೆ. ಕಿರಾಣಿ ಅಂಗಡಿಯವನು ಒಮ್ಮೆ ನೋಡಿದ್ದೇ ತಡ, "ಮೆಡಿಕಲ್ ಶಾಪ್ ಎದುರಿಗೈತ್ರಿ" ಎಂದು ರಸ್ತೆಯಾಚೆ ಬೆರಳು ತೋರಿಸಿದನಂತೆ. ನನ್ನ ಮಗ ಚೀಟಿ ಹಿಡಿದು ಅಲ್ಲಿಗೂ ಹೋದ. ಮೆಡಿಕಲ್ ಶಾಪಿನವನು ಎಲ್ಲಿಯೂ ತಡವರಿಸದೆ ಓದಿ, "ಇವೆಲ್ಲಾ ಕಿರಾಣಿ ಅಂಗಡ್ಯಾಗ ಸಿಗ್ತಾವ್ರಿ. ಯಾವ ಡಾಕ್ಟರ್ರೀ ಇವರು? ಅಕ್ಷರ ಭಾಳ ಛಂದ ಅದಾವು" ಎಂದನಂತೆ.

"ನೋಡಿದಿ? ಓದಿದ!" ಎಂದೆ ಸೊಸೆಗೆ.

"ಹೌದ್ರಿ ಮಾಮಾ. ನಿಮ್ಮ ಮೊಮ್ಮಗಳಿಗೆ ಮೆಡಿಕಲ್ ಶಾಪ್ ಹಾಕಿಕೊಡೂಣು."

೫. ವಸಂತ ಪಂಚಮಿ

ನಗೆ ಏನೇ ಇರಲಿ, ಆ ದಿನ ನನ್ನ ಎದೆ ಭಾರವಾಗಿತ್ತು. ನನ್ನ ಮಗ ಈಗ ಬರೆಯುವುದೆಲ್ಲ ಮೊಬೈಲಿನ ಮೇಲೆ. ಮಿಸ್ಸಿನ ಆ ವಾಲುವ ಅಕ್ಷರ ಕೂಸಿನ ಕೈಗೆ ಬರದಿದ್ದರೆ ನನ್ನೊಂದಿಗೇ ಮುಗಿಯುತ್ತದೆ.

ಹಿತ್ತಾಳೆಯ ತಟ್ಟೆಯಲ್ಲಿ ದಢೇಸುಗೂರಿನ ಸೋನಾ ಅಕ್ಕಿ. ಪೂಜೆಗೆ ಬಂದಿದ್ದ ಅಯ್ಯನೋರು ಕೂಸಿನ ಬೆರಳು ಹಿಡಿದು ಓಂ ಬರೆಸಿದರು. ಇಂಗ್ಲಿಷಿನ ಸರದಿ ಬಂತು. ನಾನು ಅಕ್ಕಿಯನ್ನು ಸಮ ಮಾಡಿ, ಜೇಬಿನಿಂದ ಸ್ಕೇಲು ತೆಗೆದು, ನಾಲ್ಕು ಗೆರೆ ಎಳೆದೆ. ಅಯ್ಯನೋರು ಮಂತ್ರ ಮರೆತು ನೋಡಿದರು.

ಮೊಮ್ಮಗಳ ಬೆರಳು ಹಿಡಿದು ಮೊದಲ ಅಕ್ಷರವನ್ನು ಬಾಲದೊಂದಿಗೆ ಬರೆಸಿದೆ. ಸಣ್ಣ ಅಕ್ಕಿ, ಜಾರಿತು. ಬಾಲ ಗೆರೆ ದಾಟಿತು. ಕೂಸು ಬೆರಳು ಕಿತ್ತುಕೊಂಡು, ಇಲ್ಲದ ಕನ್ನಡಕದ ಮೇಲಿಂದ ನನ್ನನ್ನು ನೋಡಿತು. ಚಿತ್ರಕ್ಕೆ ಬಣ್ಣ ತುಂಬುವಾಗ ದಿನವೂ ನಾನು ಕನ್ನಡಕದ ಮೇಲಿಂದ ನೋಡಿ ಅದಕ್ಕೆ ಹೇಳುವ ಮಾತೇ, ನನ್ನದೇ ಧ್ವನಿಯಲ್ಲಿ ಬಂತು:

"ತಾತ, ಗೆರಿ ದಾಟೈತಿ. ಎಗೇನ್."

ನಾನೊಬ್ಬನೇ ಬರೆದೆ. ಅಕ್ಕಿ ಮತ್ತೆ ಜಾರಿತು. "ಎಗೇನ್." ಬೆವರೊರೆಸಿಕೊಂಡು, ಎರಡೂ ಬಾಲ ಬಿಟ್ಟು, ಬಿಡಿ ಅಕ್ಷರವನ್ನೇ ಗೆರೆಯೊಳಗೆ ಕೂರಿಸಿದೆ. ಆಗ ಕೂಸು ತಲೆಯಾಡಿಸಿತು. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕೂಸು ಪಕ್ಕದಲ್ಲಿ ತಾನೂ ಒಂದು ಬರೆಯಿತು. ಬಾಲವಿರಲಿಲ್ಲ. ಆದರೆ ಬಲಕ್ಕೆ ವಾಲಿತ್ತು, ತೆನೆ ತುಂಬಿದ ಭತ್ತದ ಹಾಗೆ.

ನಾನು ಸ್ಕೇಲನ್ನು ಜೇಬಿಗೆ ಹಾಕಿಕೊಂಡೆ. ಆಶೀರ್ವಾದ ಮಾಡಲು ಅಕ್ಷತೆ ಹಿಡಿದಿದ್ದ ಅಯ್ಯನೋರು ಒಮ್ಮೆ ಕೂಸನ್ನು, ಒಮ್ಮೆ ನನ್ನನ್ನು ನೋಡಿ ಕೇಳಿದರು: "ಯಜಮಾನ್ರ, ಇದನ್ನ ಯಾರ ತಲಿ ಮ್ಯಾಲ ಹಾಕ್ಲಿ?"

ನನ್ನ ಹೆಂಡತಿ ತಡಮಾಡಲಿಲ್ಲ. "ಇವರ ತಲಿ ಮ್ಯಾಲ ಹಾಕ್ರಿ ಅಯ್ಯನೋರ. ಕೂಸಿಗೆ ಆಗಲೇ ಬರ್ತೈತಿ."