ಹತ್ತು ವರ್ಷದಾಚೆಯ ಹಜಾರ

ನಮ್ಮ ಸೋದರಮಾವನಿಗೆ ಯಾವ ಕಾರಣಕ್ಕೂ "ಹೋಗಿ ಬರ್ತೀನಿ" ಎಂದು ಹೇಳಿ ಹೊರಡಬಾರದು. ಹೋಗುವುದರ ಬಗ್ಗೆ ಅವರದೇನೂ ತಕರಾರಿಲ್ಲ, ಬರುವುದರ ಬಗ್ಗೆ ಮಾತ್ರ ಅನುಮಾನ! "ಹೋಗ್ತೀಯ, ಸರಿ..." ಎಂದು ಅಲ್ಲಿಗೇ ನಿಲ್ಲಿಸಿ, ಒಮ್ಮೆ ಆಕಾಶ ನೋಡಿ, ಒಮ್ಮೆ ನಿಮ್ಮ ಚಪ್ಪಲಿ ನೋಡಿ, ಒಂದು ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರಿಗೆ ಹೆದರಿ ಪ್ರಯಾಣವನ್ನೇ ಕೈಬಿಟ್ಟ ನೆಂಟರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಮಾವ ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಕೈಯಲ್ಲಿ ಕಲೆ ಇತ್ತು, ಸಂಶಯವಿಲ್ಲ. ಆದರೆ ಅವರ ಕಣ್ಣಿಗೆ ಯಾವ ವಸ್ತುವೂ ಇವತ್ತು ಇದ್ದ ಹಾಗೆ ಕಾಣುತ್ತಿರಲಿಲ್ಲ, ನಾಳೆ ಕೆಟ್ಟ ಮೇಲೆ ಹೇಗಿರುತ್ತದೋ ಹಾಗೆ ಕಾಣುತ್ತಿತ್ತು. ಬೋರ್ಡಿನ ಮೇಲೆ ಮನೆ ಬರೆದರೆ ಗೋಡೆಯಲ್ಲೊಂದು ಬಿರುಕು ಇರಲೇಬೇಕು. ಒಮ್ಮೆ ಇನ್‌ಸ್ಪೆಕ್ಷನ್ನಿಗೆ ಬಂದ ಅಧಿಕಾರಿಗಳು ಕೇಳಿದರಂತೆ: "ಏನ್ರೀ ಮೇಷ್ಟ್ರೇ, ಮಕ್ಕಳಿಗೆ ಬಿರುಕು ಬಿಟ್ಟ ಮನೆ ಕಲಿಸ್ತೀರಲ್ಲ?"

"ಇವತ್ತು ಬಿಟ್ಟಿಲ್ಲ ಸಾರ್" ಎಂದರಂತೆ ಮಾವ, "ಮಳೆಗಾಲ ಕಳೀಲಿ, ಬಿಡುತ್ತೆ."

ಬಾಣಾವರದಲ್ಲಿ ನಮ್ಮ ದಾಯಾದಿಗಳ ಮದುವೆ. ಮಾವ ನೇರವಾಗಿ ಅಡುಗೆಮನೆಗೆ ನುಗ್ಗಿ, ಕೊಪ್ಪರಿಗೆಗಳೊಳಗೆ ಇಣುಕಿ ನೋಡಿ, ಹೆಣ್ಣಿನ ತಂದೆಯ ಕಿವಿಯಲ್ಲಿ "ಅನ್ನ ಸಾಲಲ್ಲ ಕಣ್ರೀ" ಎಂದುಬಿಟ್ಟರು. ಆ ಮನುಷ್ಯನಿಗೆ ಜೀವ ಹಾರಿಹೋಯಿತು. ಮತ್ತೆ ಒಲೆ ಹೊತ್ತಿಸಿ, ಮತ್ತೆ ಅಕ್ಕಿ ಸುರಿಸಿದರು. ಕೊನೆಗೆ ಅರ್ಧಕ್ಕರ್ಧ ಅನ್ನ ಮಿಕ್ಕಿತು. ಮಿಕ್ಕ ಅನ್ನದ ರಾಶಿಯ ಮುಂದೆ ನಿಂತ ಮಾವನ ಮುಖದಲ್ಲಿ ಒಂದು ಚೂರಾದರೂ ನಾಚಿಕೆ? "ಈ ಮದುವೇಲಿ ಏನೋ ಒಂದು ನಷ್ಟ ಐತೆ ಅಂತ ನನಗೆ ಬೆಳಗ್ಗೆಯಿಂದ್ಲೇ ಅನ್ನಿಸ್ತಿತ್ತು ಕಣೋ!"

ಇಂಥವರನ್ನು ಕಟ್ಟಿಕೊಂಡು ನಮ್ಮ ಅತ್ತೆ ಹೇಗೆ ಬಾಳಿದರು ಎಂದು ನೀವು ಕೇಳಬಹುದು. ನಗುತ್ತ ಬಾಳಿದರು! ಮಾವ "ಮಳೆ ಬರುತ್ತೆ" ಎನ್ನುತ್ತಿದ್ದ ಹಾಗೇ ಅತ್ತೆ ಹಪ್ಪಳದ ಹಿಟ್ಟು ಕಲಸಲು ಕೂರುತ್ತಿದ್ದರು. "ನಿಮ್ಮ ಮಾವನ ಮಾತು ಕೇಳಿದ್ರೆ ನಾನು ಮದುವೆ ದಿನಾನೇ ತೌರಿಗೆ ವಾಪಸ್ ಹೋಗ್ಬೇಕಿತ್ತು. ತಾಳಿ ಕಟ್ಟಿದ ಗಳಿಗೇಲೇ, ಈ ದಾರ ಗಟ್ಟಿ ಇಲ್ಲ ಅಂದಿದ್ರು" ಎಂದು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಒಂದು ಅತ್ತೆಯ ನಗು, ಇನ್ನೊಂದು ಟೀವಿ.

ಇದು ತೊಂಬತ್ತರ ದಶಕದ ಮಾತು. ಆಗ ಭಾನುವಾರ ಬೆಳಗ್ಗೆ ಹಿಂದಿಯಲ್ಲಿ ಒಂದು ನಗೆ ಧಾರಾವಾಹಿ ಬರುತ್ತಿತ್ತು. ಪೆದ್ದು ವಿಜ್ಞಾನಿಯೊಬ್ಬ, ಅವನ ಜಗಳಗಂಟಿ ಹೆಂಡತಿ. ಅವನು ವಾರಕ್ಕೊಂದು ಯಂತ್ರ ಮಾಡುವುದು, ಅವಳು ಅದನ್ನು ಹಾಳು ಮಾಡುವುದು, ಇಷ್ಟೇ ಕಥೆ. ಮಾವ, ಅತ್ತೆ ಇಬ್ಬರಿಗೂ ಹಿಂದಿ ಬರುತ್ತಿರಲಿಲ್ಲ. ಆದರೂ ಒಂದು ವಾರ ತಪ್ಪಿಸುತ್ತಿರಲಿಲ್ಲ. ತಿಪಟೂರಿನಲ್ಲಿ ಮೇಷ್ಟ್ರಾಗಿದ್ದ ನಾನು ಶನಿವಾರ ಬಂದರೆ ಭಾನುವಾರ ಅವರ ಜೊತೆ ಕೂತು, ನನಗೆ ತಿಳಿದಷ್ಟು ಅರ್ಥ ಹೇಳಬೇಕಾಗಿತ್ತು.

ಆ ಭಾನುವಾರ ವಿಜ್ಞಾನಿ ಬಟ್ಟೆ ಒಗೆಯುವ ಮೆಷೀನಿಗೆ ಒಂದು ದುರ್ಬೀನು ಸಿಕ್ಕಿಸಿದ್ದ. ಅದರೊಳಗೆ ಇಣುಕಿದರೆ ಅದೇ ಮನೆಯ ಹಜಾರ ಹತ್ತು ವರ್ಷದ ಮೇಲೆ ಹೇಗಿರುತ್ತದೆ ಎಂದು ಕಾಣುತ್ತದಂತೆ! ಅವನು ಬಗ್ಗಿ ನೋಡಿದ. ಮೊದಲು ನಕ್ಕ. ಆಮೇಲೆ ಅವನ ಮುಖ ನಿಧಾನವಾಗಿ ಸಪ್ಪಗಾಯಿತು. ಹೆಂಡತಿ ಅವನ ತೋಳು ಹಿಡಿದು ಜಗ್ಗಿ, "ನಾನಿದೀನಾ? ಅಲ್ಲಿ ನಾನಿದೀನಾ?" ಎಂದು ಕೇಳಿದಳು.

ಕರೆಂಟು ಹೋಯಿತು.

ಬೇರೆ ದಿನವಾಗಿದ್ದರೆ ನಾವೆಲ್ಲ ಒಟ್ಟಿಗೆ ಶಾಪ ಹಾಕಿ ತಿಂಡಿಗೆ ಏಳುತ್ತಿದ್ದೆವು. ಆದರೆ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಡಾಕ್ಟರು ಹೇಳಿ ಆಗಷ್ಟೇ ಕೆಲವು ದಿನವಾಗಿತ್ತು. ಆ ವಾರದಲ್ಲೇ ಹಾಸನದ ಆಸ್ಪತ್ರೆಗೆ ಸೇರಿ ಆಪರೇಷನ್ ಆಗಬೇಕಿತ್ತು. ಅತ್ತೆ ಕಪ್ಪಾದ ಟೀವಿಯನ್ನೇ ನೋಡುತ್ತ, "ಪಾಪ, ಅವಳು ಇರ್ತಾಳೋ ಇಲ್ವೋ ತಿಳೀದೇ ಹೋಯ್ತಲ್ರೀ. ಅದೊಂದು ಗೊತ್ತಾಗಿದ್ರೆ ನೆಮ್ಮದಿಯಾಗಿ ಹೋಗ್ತಿದ್ದೆ" ಎಂದರು. ನಗುತ್ತಲೇ ಹೇಳಿದರು. ಆದರೆ ಸೆರಗು ಬಾಯಿಗೆ ಹೋಗಲಿಲ್ಲ.

ಮಾವ ಏನೂ ಹೇಳಲಿಲ್ಲ. ನಿಮಗೆ ಇದರ ತೂಕ ಗೊತ್ತಾಗಲಿಕ್ಕಿಲ್ಲ. ಊರಿನವರ ಬೆಳೆ, ಮಳೆ, ಮದುವೆ, ಮನೆಗೋಡೆ ಎಲ್ಲಕ್ಕೂ ಕೇಳದೆಯೇ ಭವಿಷ್ಯ ಹೇಳಿದ್ದ ಮನುಷ್ಯ, ಡಾಕ್ಟರು ಗಡ್ಡೆ ಎಂದ ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದರು. ನನಗೆ ಭಯವಾದದ್ದು ಡಾಕ್ಟರ ಮಾತಿಗಲ್ಲ, ಮಾವನ ಮೌನಕ್ಕೆ.

ಮಾರನೆಯ ದಿನ ಬೆಳಗ್ಗೆ ನಾನು ಮೊಪೆಡ್ ಹೊರಗೆ ತೆಗೆದರೆ ಮಾವ ಹಿಂದೆ ಬಂದು ಕೂತರು. "ನಡೀಲಾ, ಬಾಣಾವರಕ್ಕೆ."

"ಯಾಕೆ ಮಾವ?"

"ನಿನ್ನೆ ಅಲ್ಲಿ ಕರೆಂಟು ಹೋಗಿರ್ಲಿಲ್ವಂತೆ. ಯಾರಾದ್ರೂ ಪೂರ್ತಿ ನೋಡಿರ್ತಾರೆ."

ನಾನು ಸ್ಕೂಲಿಗೆ ರಜೆ ಹಾಕಿದೆ. ಬಾಣಾವರದಲ್ಲಿ ಹೋಟೆಲಿನವರೊಬ್ಬರು ಪೂರ್ತಿ ನೋಡಿದ್ದರು, ನಿಜ. "ನೋಡ್ದೆ ಸಾರ್! ಹತ್ತು ವರ್ಷ ಆದ್ಮೇಲೆ ಆ ಹಜಾರ ದೊಡ್ಡ ಹೋಟ್ಲಾಗೈತೆ. ಅವನ ಹೆಂಡ್ತಿ ಗಲ್ಲಾದಾಗೆ ಕುಂತವ್ಳೆ." ಮಾವನ ಮುಖ ಅರಳುತ್ತಿದ್ದಂತೆ ಒಳಗಿನಿಂದ ಅವರ ಹೆಂಡತಿ ಕೂಗಿದರು: "ಅದು ಜಾಹೀರಾತು ಕಣ್ರೀ! ನೀವು ಕಥೆ ಬರೋವಾಗ ದೋಸೆ ಹುಯ್ತಿದ್ರಿ!"

ಜಾವಗಲ್ಲಿನಲ್ಲಿ ಸಿಕ್ಕ ತೆಂಗಿನಕಾಯಿ ವ್ಯಾಪಾರಿಯ ಮನೆಯಲ್ಲಿ ಟೀವಿಗೆ ಮಾತು ಮಾತ್ರ ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. "ಕೊನೇಗೆ ಎಲ್ರೂ ಜೋರಾಗಿ ನಕ್ಕರು ಕಣ್ರಪ್ಪ" ಎಂದರು ಅವರು. ನಗೆ ಧಾರಾವಾಹಿಯಲ್ಲಿ ನಗದೆ ಇನ್ನೇನು ಮಾಡುತ್ತಾರೆ? ಆದರೂ ಮಾವ ಅದನ್ನು ಹಿಡಿದುಕೊಂಡು, "ನಕ್ಕರು ಅಂದ್ರೆ ಅವಳು ಇದ್ದಾಳೆ ಅಂತಲೇ ಅಲ್ವಾ? ಇಲ್ದಿದ್ರೆ ನಗ್ತಿದ್ರಾ?" ಎಂದು ದಾರಿಯುದ್ದಕ್ಕೂ ನನ್ನ ಬೆನ್ನ ಹಿಂದೆ ಕೇಳುತ್ತಿದ್ದರು. ಅವರ ಬಾಯಲ್ಲಿ ಆಸೆಯ ಮಾತು ಕೇಳಿದ್ದು ನಾನು ಅದೇ ಮೊದಲು. ಸಂಕಟವಾಯಿತು.

ಹಳೇಬೀಡಿನಲ್ಲಿ ದೇವಸ್ಥಾನದ ಮುಂದೆ ಒಬ್ಬ ಗೈಡ್ ಸಿಕ್ಕಿದ. ಉತ್ತರದ ಕಡೆಯ ಪ್ರವಾಸಿಗಳಿಗೆ ಹಿಂದಿಯಲ್ಲೇ ಹೊಯ್ಸಳರ ಕಥೆ ಹೇಳುವವನು. ಧಾರಾವಾಹಿಯನ್ನು ಮಾತುಮಾತಿಗೂ ಅರ್ಥ ಮಾಡಿಕೊಂಡು ನೋಡಿದ್ದ. "ಹೆಂಡತಿ ಕೇಳ್ತಾಳಲ್ಲ ಸಾರ್, ಆಗ ನಮಗೂ ಆ ಹಜಾರ ತೋರಿಸ್ತಾರೆ. ಅದೇ ಕುರ್ಚಿ, ಅದೇ ಮೇಜು. ಗೋಡೆ ಮೇಲೆ ಒಂದು ಫೋಟೋ, ಅದಕ್ಕೆ ಹಾರ ಹಾಕಿರ್ತಾರೆ."

"ಯಾರ ಫೋಟೋ?" ಎಂದರು ಮಾವ.

"ಅದೇ ಸಾರ್ ಬೇಜಾರು! ಫೋಟೋ ಹತ್ತಿರ ಹತ್ತಿರ ತೋರಿಸ್ತಾ ಹೋದ್ರು, ಇನ್ನೇನು ಮುಖ ಕಾಣ್ಬೇಕು, ನಮ್ಮಲ್ಲೂ ಕರೆಂಟು ಹೋಯ್ತು."

ಮಾವ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತರು. ಬಿಸಿಲು ನೆತ್ತಿಗೆ ಬಂದಿತ್ತು. ನಾನು ಬೇಲೂರಿಗೆ ಬೇಕಾದರೂ ಹೋಗಿ ಕೇಳೋಣ ಎಂದೆ. "ಬ್ಯಾಡ ಕಣೋ, ಸಾಕು" ಎಂದರು. ನಾನು ಮೊಪೆಡ್ಡನ್ನು ಅರಸೀಕೆರೆಯ ಕಡೆ ತಿರುಗಿಸಿದೆ.

ಅತ್ತೆ ಆಸ್ಪತ್ರೆ ಸೇರಿದರು. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ನಾನು ಎಳನೀರು ಹಿಡಿದುಕೊಂಡು ಹೋದಾಗ ಮಾವ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಅತ್ತೆ ಕೇಳಿದರು: "ಊರೂರು ಸುತ್ತಿ ಬಂದ್ರಂತಲ್ಲ. ಅವಳು ಇರ್ತಾಳಾ?"

ಮಾವ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. "ಇರ್ತಾಳೆ ಕಣೇ. ತಲೆಯೆಲ್ಲ ಬೆಳ್ಳಗಾಗೈತೆ. ಹಜಾರದಲ್ಲಿ ಕೂತು ಬಟಾಣಿ ಸುಲೀತಾ ಇರ್ತಾಳೆ."

"ಅವನು?"

"ಅವನು ಗೋಡೆ ಮೇಲಿದಾನೆ. ಫೋಟೋದಾಗೆ. ಹಾರ ಹಾಕೈತೆ."

ನೋಡಿ! ಜೀವಮಾನದಲ್ಲೊಮ್ಮೆ ಒಳ್ಳೆಯ ಭವಿಷ್ಯ ಹೇಳಲು ಹೊರಟವರು, ಅದರಲ್ಲೂ ಒಂದು ಸಾವು ಇಲ್ಲದೆ ಹೇಳಲು ಬಾರದೆ, ಆ ಸಾವನ್ನು ತಮ್ಮ ಮೇಲೇ ಹಾಕಿಕೊಂಡಿದ್ದರು. ಅತ್ತೆಗೆ ಅದು ಅರ್ಥವಾಗದೆ ಇರುತ್ತದೆಯೇ? ಕಣ್ಣಲ್ಲಿ ನೀರು ತುಂಬಿಕೊಂಡು, "ಥೂ, ಇದು ಬ್ಯಾಡ. ಇಬ್ರೂ ಇರೋ ಹಂಗೆ ಹೇಳಿ" ಎಂದರು.

ಮಾವ ಒದ್ದಾಡಿದರು. ಕೆಡುಕಿಲ್ಲದ ಒಂದು ದಿನವನ್ನು ಕಲ್ಪಿಸಿಕೊಳ್ಳುವ ಅಭ್ಯಾಸವೇ ಅವರಿಗಿರಲಿಲ್ಲ. "ಇಬ್ರೂ ಇರ್ತೀವಿ ಕಣೇ. ನೀನು ಬಟಾಣಿ ಸುಲೀತಿರ್ತೀಯ. ನಾನು... ನಾನು ಕದ್ದು ತಿಂತಿರ್ತೀನಿ."

"ಮತ್ತೆ ಫೋಟೋ?"

"ಫೋಟೋ ನಿಮ್ಮಪ್ಪಂದು! ಈಗ್ಲೂ ಅದೊಂದೇ ತಾನೆ ನಮ್ಮ ಹಜಾರದಲ್ಲಿ ನೇತಾಡ್ತಿರೋದು?"

ಅತ್ತೆ ನಕ್ಕುಬಿಟ್ಟರು. ಹೊಟ್ಟೆ ಹಿಡಿದುಕೊಂಡು, ನೋವಾಗುತ್ತಿದ್ದರೂ ನಕ್ಕರು. ಪಕ್ಕದ ಮಂಚದವರು ಎದ್ದು ಕೂತು ನೋಡುವಷ್ಟು ನಕ್ಕರು.

ಆಪರೇಷನ್ ಆದ ಮೇಲೆ ಅತ್ತೆಗೆ ಎಚ್ಚರವಾಗಲೇ ಇಲ್ಲ.

ತಿಥಿಗೆ ಮೊದಲು ನಾನು ಅತ್ತೆಯ ಒಂದು ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದೆ. ಹಜಾರದ ಗೋಡೆಯಲ್ಲಿ, ಅತ್ತೆಯ ಅಪ್ಪನ ಫೋಟೋದ ಪಕ್ಕದಲ್ಲಿ ಮೊಳೆ ಹೊಡೆಯಲು ಸ್ಟೂಲು ಹತ್ತಿದೆ. ಒಳಗಿನಿಂದ ಬಂದ ಮಾವ ನನ್ನ ಕೈ ಹಿಡಿದುಕೊಂಡರು.

"ಈಗ್ಲೇ ಬ್ಯಾಡ ಕಣೋ. ಹತ್ತು ವರ್ಷ ಇಲ್ಲಿ ಬೇರೆ ಫೋಟೋ ಇರಲ್ಲ ಅಂತ ಅವಳಿಗೆ ಹೇಳಿದೀನಿ."

ನನಗೆ ಅಳು ತಡೆಯಲಾಗಲಿಲ್ಲ. ಫೋಟೋವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬಂದೆ.