ಟಿ.ವಿ. ಕೆಟ್ಟಿದೆ, ಬೇಗ ಬನ್ನಿ

೧೯೭೫ರ ಆಗಸ್ಟ್ ತಿಂಗಳಲ್ಲಿ ದೇವದುರ್ಗ ತಾಲೂಕಿನ ನಮ್ಮ ಏಕೋಪಾಧ್ಯಾಯ ಶಾಲೆಗೆ ಸರ್ಕಾರದ ಟಿ.ವಿ. ಬಂತು. ಮಾಳಿಗೆಯ ಮೇಲೆ ತಂತಿ ಬಲೆಯ ದೊಡ್ಡ ಛತ್ರಿಯಂಥ ಆಂಟೆನಾ, ಕೆಳಗೆ ಬೀಗ ಹಾಕುವ ಪೆಟ್ಟಿಗೆ. ಬೆಳಿಗ್ಗೆ ಮಕ್ಕಳಿಗೆ ವಿಜ್ಞಾನದ ಪಾಠ, ಸಂಜೆ ಊರಿಗೆಲ್ಲ ಬೇಸಾಯದ ಮಾತು. ಎಲ್ಲವೂ ಆಕಾಶದಲ್ಲಿದ್ದ ಒಂದು ಉಪಗ್ರಹದಿಂದ. ಇದರಿಂದ ಹಳ್ಳಿ ಶಾಲೆಗಳು ಸುಧಾರಿಸುತ್ತವೆ ಎಂದು ರಾಯಚೂರಿನ ತರಬೇತಿಯಲ್ಲಿ ಹೇಳಿದ್ದರು. ಮಾಸ್ತರನ ವಿಷಯ ಏನೂ ಹೇಳಿರಲಿಲ್ಲ.

ಆ ಮಾಸ್ತರ ನಾನು. ಶಾಲೆಗೆ ಹೊಂದಿಕೊಂಡ ಕೋಣೆಯಲ್ಲಿ ಒಬ್ಬನೇ ಇದ್ದೆ. ಊರವರು ಬಹಳ ಮರ್ಯಾದೆ ಕೊಡುತ್ತಿದ್ದರು. ಅಂದರೆ, ನಾನು ಕಟ್ಟೆಯ ಬಳಿ ಹೋದರೆ ಎದ್ದು ನಿಂತು, ನಾನು ಹೊರಡುವವರೆಗೂ ಮಾತು ನಿಲ್ಲಿಸುತ್ತಿದ್ದರು. ಮೊದಲ ಸಲ ಟಿ.ವಿ. ನಿಜವಾಗಿಯೇ ಕೆಟ್ಟಿತು. ರಿಪೇರಿ ಕೇಂದ್ರಕ್ಕೆ ಅಂಚೆ ಕಾರ್ಡು ಬರೆದೆ. ರಾಯಚೂರಿನಿಂದ ಜೀಪಿನಲ್ಲಿ ಮೆಕ್ಯಾನಿಕ್ ಖಾಜಾಸಾಬರು ಬಂದರು. ರಿಪೇರಿ ಹತ್ತು ನಿಮಿಷ, ನಮ್ಮ ಮಾತು ಮೂರು ತಾಸು. ನನ್ನ ಚಹಾವನ್ನು ಎರಡನೇ ಸಲ ಕೇಳಿ ಕುಡಿದವರು ಅವರೊಬ್ಬರೇ. ಅವರು ಹೋದ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಮುಂದಿನ ವಾರ ಛತ್ರಿಯ ವೈರನ್ನು ಕೈಯಾರೆ ಸಡಿಲಿಸಿ, "ಟಿ.ವಿ. ಕೆಟ್ಟಿದೆ, ಬೇಗ ಬನ್ನಿ" ಎಂದು ಇನ್ನೊಂದು ಕಾರ್ಡು ಹಾಕಿದೆ.

ಆಮೇಲೆ ಅದು ರೂಢಿಯಾಯಿತು. ಕಾರ್ಡು ಮುಟ್ಟಿ ಜೀಪು ಬರುವವರೆಗೆ ಮಕ್ಕಳು ಖಾಲಿ ಪರದೆಯನ್ನೂ ನನ್ನನ್ನೂ ನೋಡುತ್ತಿದ್ದರು, ಪರದೆಯನ್ನೇ ಹೆಚ್ಚು. ಕುರಿ ಕಾಯುವ ಹನುಮಪ್ಪಜ್ಜ ಕೇಳಿಯೇ ಬಿಟ್ಟ: "ಮಾಸ್ತರ್ರಾ, ಪೆಟ್ಟಿಗಿಗಿ ಮತ್ತ ನೆಗಡಿ ಬಂತೇನ್ರಿ? ನನ್ನ ಕುರಿನೂ ಇಷ್ಟು ಜಡ್ಡಿಗಿ ಬೀಳಂಗಿಲ್ಲ."

ಐದನೆಯ ಸಲ ಖಾಜಾಸಾಬರು ವೈರು ಬಿಗಿದು ನನ್ನ ಕಡೆ ತಿರುಗಿದರು.

"ಈ ಸ್ಕ್ರೂ ತಾನಾ ಬಿಚ್ಚಂಗಿಲ್ರಿ, ಮಾಸ್ತರ್ರ."

"ಇಲ್ಲಿ ಗಾಳಿ ಭಾಳ ಅದ ರೀ," ಎಂದೆ.

"ಗಾಳಿಗಿ ಸ್ಕ್ರೂಡ್ರೈವರ್ ಯಾರ್ ಕೊಟ್ರು?" ಎಂದು ನಕ್ಕರು. ಆಮೇಲೆ ನಗದೆ ಹೇಳಿದರು: "ಹುಡುಗ್ರ ಪಾಠ ಯಾಕ ಕೆಡಸ್ತೀರಿ? ಚಾ ಕುಡಿಯಾಕ ಬಾ ಅಂತ ಬರೀರಿ, ಬರ್ತೀನಿ."

ಅಂದಿನಿಂದ ವೈರು ಮುಟ್ಟಲಿಲ್ಲ. ಕಾರ್ಡನ್ನೂ ಬರೆಯಲಿಲ್ಲ, ಏನೂ ಕೆಡದೆ ಒಬ್ಬ ಸರ್ಕಾರಿ ನೌಕರ ಇನ್ನೊಬ್ಬನನ್ನು ಹೇಗೆ ಕರೆಯುವುದು? ಮರುವರ್ಷ ಜುಲೈ ಕೊನೆಗೆ ಉಪಗ್ರಹ ನಮ್ಮ ದಿಕ್ಕು ಬಿಟ್ಟು ಹೋಯಿತು. ಪರದೆಯ ತುಂಬ ಬಿಳಿ ಚುಕ್ಕೆ. ಆಗ ಕುಳಿತು, "ಚಹಾಕ್ಕೆ ಬನ್ನಿ" ಎಂದಷ್ಟೇ ಬರೆದೆ. ಕಾರ್ಡು ಮರಳಿ ಬಂತು. ಖಾಜಾಸಾಬರಿಗೆ ವರ್ಗವಾಗಿತ್ತು.

ಈಗ ನಾನು ಮಾನ್ವಿಯಲ್ಲಿದ್ದೇನೆ. ಎರಡು ವರ್ಷದ ಹಿಂದೆ ಸ್ವಂತ ಟಿ.ವಿ. ಕೊಂಡೆ. ಅದು ಈವರೆಗೆ ಒಮ್ಮೆಯೂ ಕೆಟ್ಟಿಲ್ಲ.