ಬೀಗರ ಹಾಜರಿ

ನಮ್ಮ ಬೀಗರು ಕಳ್ಳರಿದ್ರು. ಹಿಂಗಂದೆ ಅಂತ ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ. ಮಿಲಿಟರಿಯೊಳಗ ಹವಾಲ್ದಾರಾಗಿ ರಿಟೈರ್ ಆದವರು, ಹಿಮದಾಗ ನಿಂತು ದೇಶ ಕಾದವರು, ಎಲ್ಲಾ ಖರೇನ. ಆದ್ರ ದೇಶ ಕಾದವರು ನನ್ನ ಮೊಮ್ಮಗಳನ್ನ ಕದ್ರಲ್ಲ, ಅದಕ್ಕೇನಂತೀರಿ?

ನನ್ನ ಮಗಳನ್ನ ಪುರ್ತಗೇರಿಗೆ, ಅವರ ಮಗಗ ಕೊಟ್ಟೇನಿ. ನಾನಿರೂದು ರೋಣದಾಗ. ಸಾಲಿ ಲಗೂನ ಬಿಟ್ಟಾಕಿ ನಾನು, ಆದ್ರ ಒಂದು ಮಾತು ಚಲೋ ಗೊತ್ತೈತಿ: ಹಡದಾಕಿ ನನ್ನ ಮಗಳು, ಬಾಣಂತನ ಮಾಡಿದಾಕಿ ನಾನು, ಅಂದಮ್ಯಾಲೆ ಕೂಸು ಮೊದಲು ನನ್ನ ಕಡೆ ಓಡಿ ಬರಬೇಕು. ಹೌದಲ್ರಿ? ಬಸ್ಸಿಳಿದು, ಮಾದಲಿ ಡಬ್ಬಿ ಹಿಡಕೊಂಡು ನಾ ಪಡಸಾಲಿಗೆ ಕಾಲಿಟ್ರ, ಅದು ಅಜ್ಜನ ತೊಡಿ ಮ್ಯಾಲೆ ಕುಂತಲ್ಲೇ ನನಗೊಂದು ಸೆಲ್ಯೂಟ್ ಹೊಡೀತಿತ್ತು! ಸೆಲ್ಯೂಟ್ ತಗೊಂಡು ನಾ ಏನು ಮಾಡ್ಲಿ, ಉಪ್ಪಿನಕಾಯಿ ಹಾಕ್ಲೇನು?

ಜಡಿ ಹಾಕೂದಾದ್ರೂ ನಮ್ಮ ಕೈಯಾಗಿನ ಕೆಲಸ ಅಂದುಕೊಂಡಿದ್ದೆ. ಅಷ್ಟು ದೊಡ್ಡ ಮೀಸಿ ಹೊತ್ತ ಮನಿಷಾ ಬಾಚಣಕಿ ಹಿಡದು ಬೈತಲಿ ತಗದ್ರ, ಎರಡು ದೇಶದ ನಡುವ ಗಡಿ ಎಳದಂಗ! ಜಡಿ ಹೆಣದ್ರ ಅದಕ್ಕ ಎಮ್ಮಿ ಕಟ್ಟಬಹುದಿತ್ತು. ಒಂದಿನ ಹಟ ಹಿಡದು ನಾನ ಹೆಣದೆ. ಕೂಸು ಕನ್ನಡಿ ನೋಡಿಕೊಂಡು, "ಆಯಿ, ಭಾಳ ಚಲೋ ಆಗೇತಿ" ಅಂತು. ನಾ ಹಿಗ್ಗಿ ಹೀರಿಕಾಯಾದೆ.

"ಇನ್ನ ಬಿಚ್ಚಲಿ? ಅಜ್ಜ ಸಾಲಿಗೆ ಹೋಗೂ ಜಡಿ ಹಾಕ್ತಾನ."

ಹೀರಿಕಾಯಿ ಅಲ್ಲೇ ಬಾಡಿತು.

ಇನ್ನ ಅವರ ಹಾಜರಿ! ದಿನಾ ಸಂಜಿ ಅಂಗಳದಾಗ ಸೀಟಿ ಊದಿದ್ರ ಹೆಂಡ್ತಿ, ಮಗ, ಸೊಸಿ, ಮೊಮ್ಮಗಳು ಸಾಲಾಗಿ ನಿಲ್ಲಬೇಕು. ಹೆಸರು ಕರದ್ರ 'ಹಾಜರ್' ಅನ್ನಬೇಕು. ಎಮ್ಮಿ ಹೆಸರೂ ಕರೀತಿದ್ರು. ಅದರ ಪರವಾಗಿ ನಮ್ಮ ಬೀಗ್ತಿ ಅನ್ನಬೇಕು. ಕಡೀಗೆ ತಮ್ಮ ಹೆಸರು ತಾವ ಕರದು, ತಾವ 'ಹಾಜರ್' ಅಂದು, ಆಮ್ಯಾಲೆ ರೊಟ್ಟಿ ಮುರಿಯೂದು. ಇದನ್ನೆಲ್ಲಾ ಮಗಳು ಫೋನಿನ್ಯಾಗ ಹೇಳಿದ್ಲು. ಇದ್ಯಾಕ ಮಾವಾರ ಅಂತ ಆಕಿ ಕೇಳಿದ್ದಕ್ಕ, "ಫೌಜಿನ್ಯಾಗ ರಜಾ ತಗೊಂಡು ಸೂಟಿ ಮ್ಯಾಲೆ ಹೋದವರದು ಚಿಂತಿ ಇಲ್ಲವ್ವಾ, ಅವರು ಹೊಳ್ಳಿ ಬರ್ತಾರ. ಕರದ್ರೂ ಓ ಅನ್ನದವರದ ಚಿಂತಿ" ಅಂದಿದ್ರಂತ.

ಮಗಳ ಮನ್ಯಾಗ ರಾತ್ರಿ ವಸ್ತಿ ಇರಬಾರದು ಅಂತ ನಾ ಸಂಜಿ ಮುಂದ ಬಸ್ ಹತ್ತತಿದ್ದೆ. ಪ್ರತಿ ಸಲ ಬೀಗರು, ಇವತ್ತೊಂದಿನ ಹಾಜರಿ ಮುಗಿಸಿಕೊಂಡು ಹೋಗ್ರಿ ಅಂತಿದ್ರು.

"ನಿಮ್ಮ ಹಾಜರ್ಯಾಗ ಎಮ್ಮಿಗೆ ಜಾಗ ಐತಿ. ನನಗೆಲ್ಲೈತ್ರಿ ಬೀಗರ?"

ಮೀಸ್ಯಾಗ ನಗತಿದ್ರು. ಹೊಟ್ಟಿ ಉರಿಯೂದಿಲ್ಲೇನ್ರಿ?

ಈ ಸಲದ ಜ್ವಾಳದ ಸುಗ್ಗಿಯಾಗ ಬೀಗರು ಹೋದ್ರು. ಮಧ್ಯಾಹ್ನ ಉಂಡು ಅಡ್ಡಾದವರು ಏಳಲಿಲ್ಲ. ಅವತ್ತಿನಿಂದ ಸೀಟಿ ಗೂಟಕ್ಕ ಜೋತುಬಿದ್ದಿತ್ತು. ನಾ ಹೋದಾಗ ಕೂಸಿನ ಜಡಿ ಈಗ ನನ್ನ ಕೈಗೆ ಬಂತು. ಅದೇನು ಗೆದ್ದಂಗ ಅನಿಸಲಿಲ್ಲ ನೋಡ್ರಿ.

ಮೊನ್ನೆ ಬೀಗ್ತಿಗೆ ಜೊತಿಯಾಗಲಿ ಅಂತ ಮೊದಲನೇ ಸಲ ಅಲ್ಲಿ ವಸ್ತಿ ಉಳಿದೆ. ಸಂಜಿಗೆ ಅಂಗಳದಾಗ ಸೀಟಿ ಊದಿತು. ನೋಡಿದ್ರ ಮೊಮ್ಮಗಳು! ನನ್ನ ಸಡ್ಲ ಜಡಿ, ಕೊರಳಾಗ ಅಜ್ಜನ ಸೀಟಿ. ಯಾರೂ ಬ್ಯಾಡ ಅನ್ನಲಿಲ್ಲ, ಸಾಲಾಗಿ ನಿಂತ್ರು. ಅಪ್ಪ ಹಾಜರ್, ಅವ್ವ ಹಾಜರ್, ಎಮ್ಮಿನೂ ಹಾಜರ್.

"ರೋಣದ ಆಯಿ?"

"ಸೂಟಿ ಮ್ಯಾಲೆ!" ಎಲ್ಲಾರೂ ಒಮ್ಮೆಲೆ ಅಂದ್ರು.

ನಾ ಕಣ್ಣು ಕಣ್ಣು ಬಿಟ್ಟೆ. ಮಗಳು ಸೆರಗಿನ್ಯಾಗ ನಗು ಮುಚ್ಚಿಕೊಂಡು ಹೇಳಿದ್ಲು, "ಯವ್ವಾ, ನಾ ಈ ಮನಿಗೆ ಬಂದಾಗಿನಿಂದ ಮಾವಾರು ದಿನಾ ನಿನ್ನ ಹೆಸರು ಕರೀತಿದ್ರು. ನಮಗ ಬಾಯಿಪಾಠ ಆಗಿಬಿಟ್ಟೈತಿ."

"ಆಯಿ ಇಲ್ಲೇ ಅದಾಳಲ್ಲ! ಆಯಿ, ನೀನ ಹೇಳು," ಕೂಸು ಜಬರಿಸಿತು.

ನಾ "ಹಾಜರ್" ಅಂದೆ. ಅಂದಿದ್ದ ತಡ, ಓಡಿ ಬಂದು ನನ್ನ ಸೊಂಟಕ್ಕ ಜೋತುಬಿತ್ತು. ಮೊದಲು ನನ್ನ ಕಡೆ! ಈಗ್ಲೂ ನೆನಸಿಕೊಂಡ್ರ ಎದಿ ತುಂಬಿ ತುಳಕತೈತ್ರಿ.

ಅಲ್ಲಿಂದನ ಮುಖ ಎತ್ತಿ ಕಡೀ ಹೆಸರು ಕರೀತು.

"ಅಜ್ಜಾ?"

ಬೀಗ್ತಿ ನೆಲ ನೋಡಿದ್ರು. ಆ ಕಳ್ಳನ ಪರವಾಗಿ ನಾನ ಹೇಳಬೇಕಾತು.

"ಸೂಟಿ ಮ್ಯಾಲೆ ಅದಾರವ್ವಾ. ನಡಿ, ರೊಟ್ಟಿ ಆರತಾವ."